ಏಳನೆಯ ಸ್ನಾಯು

ಕೆಮ್ಮಿನ ಸಿರಪ್ಪಿನ ಬಾಟಲಿಯ ಜೊತೆ 10 ಎಂ.ಎಲ್. ಹಿಡಿಯುವ ಅಳತೆಯ ಮುಚ್ಚಳ ಬರುತ್ತದಲ್ಲ, ಅದರಲ್ಲಿ ಮೂರು ಸಲ ಅಳೆದರೆ ಎಷ್ಟಾಗುತ್ತದೋ, ತಲೆಬುರುಡೆಯಲ್ಲಿ ಒಂದು ಕಣ್ಣಿಗೆ ಸಿಕ್ಕಿರುವ ಜಾಗ ಅಷ್ಟೇ. ಸುಮಾರು 30 ಎಂ.ಎಲ್. ಅದರಲ್ಲಿ ಕಣ್ಣುಗುಡ್ಡೆ ತೆಗೆದುಕೊಳ್ಳುವುದು 7 ಎಂ.ಎಲ್.ನಷ್ಟು. ಉಳಿದ ಮುಕ್ಕಾಲು ಪಾಲು ಜಾಗದಲ್ಲಿ ಸ್ನಾಯು, ನರ, ರಕ್ತನಾಳ, ಕಣ್ಣೀರಿನ ಗ್ರಂಥಿ, ಮತ್ತು ಇವೆಲ್ಲ ಒಂದಕ್ಕೊಂದು ತಾಗಿ ನೋಯದಂತೆ ನಡುವೆ ತುಂಬಿರುವ ಕೊಬ್ಬು.

ಇಷ್ಟು ಪುಟ್ಟ ಜಾಗದಲ್ಲಿ ಕಣ್ಣುಗುಡ್ಡೆಯನ್ನು ಆಡಿಸುವ ಸ್ನಾಯುಗಳು ಎಷ್ಟಿವೆ ಎಂದು ಸರಿಯಾಗಿ ಬರೆದಿಡಲು ಯೂರೋಪಿನ ವೈದ್ಯರಿಗೆ ಹೆಚ್ಚುಕಡಿಮೆ 1,400 ವರ್ಷ ಬೇಕಾಯಿತು. ಸರಿಯಾದ ಉತ್ತರ ಆರು. ಪುಸ್ತಕಗಳಲ್ಲಿ ಇದ್ದದ್ದು ಏಳು. ಆ ಒಂದು ಹೆಚ್ಚಿನ ಸ್ನಾಯು ಎಲ್ಲಿಂದ ಬಂತು, ಹೇಗೆ ಹೋಯಿತು ಎನ್ನುವ ಕಥೆ ನನ್ನಂಥ ಸಾಫ್ಟ್‌ವೇರ್‌ನವನಿಗೆ ತೀರಾ ಪರಿಚಿತ ಅನ್ನಿಸಿತು. ಅದಕ್ಕೇ ಇಲ್ಲಿ ಹೇಳುತ್ತಿದ್ದೇನೆ.

ಮೊದಲು ಹೆಸರಿನ ಮಾತು. ಪಠ್ಯಪುಸ್ತಕದ ಅಕ್ಷಿಕುಹರ ಎನ್ನುವ ಪದ ಯಾರ ಬಾಯಲ್ಲೂ ಇಲ್ಲ. ಗುಳಿ ಅನ್ನಬಹುದು, ರಜೆಗೆ ಊರಿಗೆ ಹೋದಾಗ ನಮ್ಮ ಅವ್ವ ಮೊದಲು ನೋಡುವುದು ಅದನ್ನೇ. "ಯಾಕೋ, ಕಣ್ಣ ಒಳಗ ಹೋಗ್ಯಾವಲ್ಲ" ಎನ್ನುತ್ತಾಳೆ. ಆ ಮಾತಿನಲ್ಲಿ ಒಳ್ಳೆಯ ವೈದ್ಯಶಾಸ್ತ್ರವಿದೆ. ದೇಹದಲ್ಲಿ ನೀರು ಕಡಿಮೆಯಾದರೆ, ಕಣ್ಣಿನ ಹಿಂದಿನ ಕೊಬ್ಬು ಕರಗಿದರೆ, ಕಣ್ಣು ನಿಜವಾಗಿಯೂ ಹಿಂದಕ್ಕೆ ಸರಿಯುತ್ತದೆ. ಆದರೂ ನನಗೆ ಗೂಡು ಎಂಬ ಮಾತು ಹೆಚ್ಚು ಇಷ್ಟ. ಹಳೆಯ ಮನೆಗಳ ಗೋಡೆಯಲ್ಲಿ ದೀಪ ಇಡಲು ಬಿಟ್ಟ ಜಾಗಕ್ಕೂ ನಾವು ಗೂಡು ಎಂದೇ ಅನ್ನುತ್ತೇವೆ. ಲ್ಯಾಟಿನ್ನಿನ ಹೆಸರು ಆರ್ಬಿಟಾ. ಗಾಡಿಯ ಚಕ್ರ ಮಣ್ಣಿನಲ್ಲಿ ಬಿಟ್ಟು ಹೋಗುವ ಜಾಡು ಎಂದು ಅದರ ಮೂಲ ಅರ್ಥ. ಗ್ರಹಗಳ ಕಕ್ಷೆಗೆ ಇಂಗ್ಲಿಷಿನಲ್ಲಿ ಹೇಳುವ ಪದವೂ ಅಲ್ಲಿಂದಲೇ ಬಂದದ್ದು.

ಈ ಗೂಡನ್ನು ಕಟ್ಟಿರುವುದು ಏಳು ಮೂಳೆಗಳು. ಛಾವಣಿ ಬಹುತೇಕ ಹಣೆಯ ಮೂಳೆಯದು. ಹೊರಗೋಡೆಯ ಮುಂಭಾಗ ಕೆನ್ನೆಯ ಮೂಳೆಯದು. ನೆಲ ಹೆಚ್ಚಾಗಿ ಮೇಲ್ದವಡೆಯದು. ಹಿಂದುಗಡೆ ಬೆಣೆಯ ಹೆಸರಿನ ಮೂಳೆ, ಮೂಗಿನ ಪಕ್ಕದ ಗೋಡೆಗೆ ಜರಡಿಯ ಹೆಸರಿನ ಮೂಳೆ, ಅದರ ಮುಂದೆ ಉಗುರಿನಷ್ಟು ಚಿಕ್ಕದಾದ ಕಣ್ಣೀರಿನ ಮೂಳೆ, ತೀರಾ ಹಿಂದಿನ ಮೂಲೆಯಲ್ಲಿ ಅಂಗುಳಿನ ಮೂಳೆಯ ಒಂದು ಚೂರು. ಒಟ್ಟು ಆಕಾರ ಮಲಗಿಸಿದ ಪಿರಮಿಡ್ಡಿನದು. ಅಗಲದ ಬಾಯಿ ಮುಂದೆ, ಚೂಪಾದ ತುದಿ ಹಿಂದೆ. ಮುಂದಿನ ಅಂಚು ಗಟ್ಟಿ. ಬೆರಳಿಟ್ಟು ಒತ್ತಿದರೆ ನಿಮಗೇ ತಿಳಿಯುತ್ತದೆ. ಒಳಗಿನ ಗೋಡೆಗಳ ಸ್ಥಿತಿ ಹಾಗಿಲ್ಲ. ಮೂಗಿನ ಪಕ್ಕದ ಗೋಡೆ ಅರ್ಧ ಮಿಲಿಮೀಟರಿಗಿಂತ ತೆಳು. ಅದರ ಲ್ಯಾಟಿನ್ ಹೆಸರಿನ ಅರ್ಥವೇ ಕಾಗದದಂಥ ಹಾಳೆ. ಒಣಗಿದ ಬುರುಡೆಯನ್ನು ದೀಪಕ್ಕೆ ಹಿಡಿದರೆ ಅದರ ಮೂಲಕ ಬೆಳಕು ಹಾಯುತ್ತದೆ.

ಗೂಡಿನೊಳಗೆ ಕಣ್ಣುಗುಡ್ಡೆಯನ್ನು ತಿರುಗಿಸಲು ನಾಲ್ಕು ನೇರ ಸ್ನಾಯುಗಳು, ಎರಡು ಓರೆ ಸ್ನಾಯುಗಳು. ಮೇಲಿನ ಓರೆ ಸ್ನಾಯುವಿನ ಏರ್ಪಾಡು ವಿಚಿತ್ರವಾಗಿದೆ. ಅದು ಗೂಡಿನ ಹಿಂದಿನ ತುದಿಯಿಂದ ಹೊರಟು, ಮೂಗಿನ ಪಕ್ಕ ಮೇಲ್ಮೂಲೆಯಲ್ಲಿರುವ ಪುಟ್ಟ ರಾಟೆಯೊಂದರ ಮೂಲಕ ಹಾದು, ದಿಕ್ಕು ಬದಲಿಸಿ ಹಿಂದಕ್ಕೆ ತಿರುಗಿ ಕಣ್ಣಿಗೆ ಅಂಟುತ್ತದೆ. ಬಾವಿಯ ಹಗ್ಗ ರಾಟೆಯ ಮೇಲೆ ಹಾಯ್ದಂತೆಯೇ. ಓದುವಾಗ, ಮೆಟ್ಟಿಲಿಳಿಯುವಾಗ ಕಣ್ಣು ಕೆಳಗೆ ತಿರುಗುವುದಕ್ಕೆ ಈ ಹಗ್ಗದ ಸಹಾಯ ಬೇಕು. ಇದನ್ನು ನಡೆಸುವ ನರಕ್ಕೆ ಇಂದಿಗೂ ರಾಟೆಯ ನರ ಎಂದೇ ಹೆಸರು.

ಅಲ್ಲಿಗೆ ಏಳು ಮೂಳೆ, ಆರು ಸ್ನಾಯು. ಏಳನೆಯ ಸ್ನಾಯುವನ್ನು ತಂದವನು ಗೇಲನ್.

ಗೇಲನ್ ಹುಟ್ಟಿದ್ದು ಕ್ರಿ.ಶ. 129ರಲ್ಲಿ, ಇಂದಿನ ಟರ್ಕಿಯಲ್ಲಿರುವ ಪೆರ್ಗಮಾನ್‌ನಲ್ಲಿ. ರೋಮಿನ ಚಕ್ರವರ್ತಿಗಳಿಗೆ ವೈದ್ಯನಾಗಿದ್ದವನು. ಕೈಚಳಕದ ಶಸ್ತ್ರವೈದ್ಯ, ದಣಿವರಿಯದ ಬರಹಗಾರ. ಆದರೆ ಅವನ ಕಾಲದ ರೋಮಿನಲ್ಲಿ ಮನುಷ್ಯನ ಶವವನ್ನು ಕೊಯ್ದು ನೋಡುವಂತಿರಲಿಲ್ಲ. ಅದಕ್ಕೂ ನಾಲ್ಕು ಶತಮಾನ ಹಿಂದೆ ಅಲೆಕ್ಸಾಂಡ್ರಿಯಾದಲ್ಲಿ ಹೀರೋಫಿಲಸ್ ಮತ್ತು ಎರಾಸಿಸ್ಟ್ರಾಟಸ್ ಆ ಕೆಲಸ ಮಾಡಿದ್ದರು. ಮನುಷ್ಯರ ಮೂಳೆ ನೋಡಬೇಕೆಂದರೆ ಅಲೆಕ್ಸಾಂಡ್ರಿಯಾಕ್ಕೆ ಹೋಗಿ ಎಂದು ಗೇಲನ್ನೇ ವಿದ್ಯಾರ್ಥಿಗಳಿಗೆ ಹೇಳಿದ್ದಾನೆ. ಅವನ ಕೈಗೆ ಸಿಕ್ಕಿದ್ದು ಮಂಗಗಳು, ಹಂದಿಗಳು, ಎತ್ತುಗಳು. ಅವುಗಳ ಗೂಡಿನಲ್ಲಿ ಕಂಡದ್ದನ್ನು ಅವನು ಪ್ರಾಮಾಣಿಕವಾಗಿ ಬರೆದ. ಆರು ಸ್ನಾಯುಗಳು, ಜೊತೆಗೆ ಕಣ್ಣಿನ ನರದ ಬುಡವನ್ನು ಸುತ್ತುವರಿದ ಏಳನೆಯದೊಂದು.

ಎತ್ತಿನಲ್ಲಿ ಅದು ಇರುವುದು ನಿಜ. ಹಳ್ಳಿಯಲ್ಲಿ ಬೆಳೆದವರು ನೋಡಿರುತ್ತೀರಿ: ದನದ ಕಣ್ಣಿನ ಹತ್ತಿರ ಏನಾದರೂ ತಾಗಿದರೆ ಕಣ್ಣುಗುಡ್ಡೆ ಸರಕ್ಕನೆ ಒಳಕ್ಕೆ ಹೋಗಿ, ಮೂಗಿನ ಕಡೆಯಿಂದ ಒಂದು ಬಿಳಿ ಪೊರೆ ಅಡ್ಡ ಬರುತ್ತದೆ. ಕಣ್ಣನ್ನು ಹಿಂದಕ್ಕೆಳೆಯುವುದು ಆ ಏಳನೆಯ ಸ್ನಾಯು. ತಲೆ ತಗ್ಗಿಸಿ ಹುಲ್ಲು ಮೇಯುವ ಪ್ರಾಣಿಗೆ ಅದು ಬಹಳ ಉಪಯೋಗದ್ದು. ನಮಗೆ ಅದಿಲ್ಲ. ಆದರೆ ಗೇಲನ್ನನ ಬರಹ ಎತ್ತಿನ ಬಗ್ಗೆ ಎಂದು ಯಾರೂ ಓದಲಿಲ್ಲ, ಮನುಷ್ಯನ ಬಗ್ಗೆ ಎಂದೇ ಓದಿದರು.

ಮುಂದೆ ಆ ಬರಹ ಭಾಷೆಯಿಂದ ಭಾಷೆಗೆ ನಡೆಯಿತು. 9ನೇ ಶತಮಾನದ ಬಗ್ದಾದಿನಲ್ಲಿ ಹುನೈನ್ ಇಬ್ನ್ ಇಸ್ಹಾಕ್ ಎಂಬ ಮಹಾ ಅನುವಾದಕ ಗೇಲನ್ನನನ್ನು ಸಿರಿಯಾಕ್ ಮತ್ತು ಅರಬ್ಬಿಗೆ ತಂದ. ಕಣ್ಣಿನ ಬಗ್ಗೆ ತಾನೂ ಹತ್ತು ಪ್ರಕರಣಗಳನ್ನು ಬರೆದ. ಅರಬ್ಬಿಯಿಂದ ಲ್ಯಾಟಿನ್ನಿಗೆ ಬಂತು. ಪ್ರತಿ ಸಲವೂ ಅನುವಾದ ಎಚ್ಚರದಿಂದ ಆಯಿತು, ಪ್ರತಿ ಸಲವೂ ಎತ್ತಿನ ಸ್ನಾಯು ಮನುಷ್ಯನ ಗೂಡಿನಲ್ಲಿ ಭದ್ರವಾಗಿ ಕುಳಿತಿತು.

ನಮ್ಮ ಸುಶ್ರುತ ಸಂಹಿತೆಯನ್ನು ಇಲ್ಲಿ ನೆನೆಯಬೇಕು. ಅದರ ಉತ್ತರತಂತ್ರ ಶುರುವಾಗುವುದೇ ಕಣ್ಣಿನಿಂದ. 76 ನೇತ್ರರೋಗಗಳನ್ನು ಅದು ಎಣಿಸುತ್ತದೆ. ಶಾರೀರಸ್ಥಾನದಲ್ಲಿ ಶವಪರೀಕ್ಷೆಯ ಕ್ರಮವಿದೆ. ದೇಹವನ್ನು ಹುಲ್ಲಿನಿಂದ ಸುತ್ತಿ, ಹರಿಯುವ ನೀರಿನಲ್ಲಿ ಏಳು ರಾತ್ರಿ ಇಟ್ಟು, ಆಮೇಲೆ ಲಾವಂಚ, ಬಿದಿರು ಮುಂತಾದವುಗಳ ಕುಂಚದಿಂದ ಪದರ ಪದರವಾಗಿ ಉಜ್ಜಿ ನೋಡಬೇಕು. ಶಾಸ್ತ್ರದಲ್ಲಿ ಓದಿದ್ದು ಮತ್ತು ಕಣ್ಣಾರೆ ಕಂಡದ್ದು ಎರಡೂ ಸೇರಿದರೆ ಮಾತ್ರ ಜ್ಞಾನ ಬೆಳೆಯುತ್ತದೆ ಎಂದು ಅಲ್ಲೇ ಹೇಳಿದೆ. ಏಳು ದಿನ ನೀರಿನಲ್ಲಿ ನೆನೆದ ದೇಹದಲ್ಲಿ ಗೂಡಿನ ಹಿಂದಿನ ನವಿರಾದ ಸ್ನಾಯುಗಳು ಉಳಿದಿರುವುದು ಕಷ್ಟ ಎಂದು ನನಗನ್ನಿಸುತ್ತದೆ. ಆದರೆ ಆ ನಿಯಮವಂತೂ ಸರಿಯಾಗಿತ್ತು.

ಯೂರೋಪಿನಲ್ಲಿ ಆ ನಿಯಮವನ್ನು ಹಟ ಹಿಡಿದು ಪಾಲಿಸಿದವನು ಬ್ರಸೆಲ್ಸ್‌ನ ಆಂಡ್ರಿಯಾಸ್ ವೆಸೇಲಿಯಸ್. ವಿದ್ಯಾರ್ಥಿಯಾಗಿದ್ದಾಗ ಊರಾಚೆಯ ನೇಣುಗಂಬದಿಂದ ಅಸ್ಥಿಪಂಜರವನ್ನು ಕದ್ದು ತಂದವನು. 1537ರಲ್ಲಿ ಪದುವಾದಲ್ಲಿ ಪ್ರಾಧ್ಯಾಪಕನಾದ. ಆಗಿನ ರೂಢಿಯಲ್ಲಿ ಪ್ರಾಧ್ಯಾಪಕ ಎತ್ತರದ ಪೀಠದಲ್ಲಿ ಕುಳಿತು ಗೇಲನ್ನನನ್ನು ಓದುತ್ತಿದ್ದ, ಕೆಳಗೆ ಕ್ಷೌರಿಕನೊಬ್ಬ ಶವ ಕೊಯ್ಯುತ್ತಿದ್ದ. ವೆಸೇಲಿಯಸ್ ಪೀಠದಿಂದ ಇಳಿದು ಚಾಕು ಹಿಡಿದ. 1543ರಲ್ಲಿ, ತನ್ನ 28ನೇ ವಯಸ್ಸಿನಲ್ಲಿ, ಮನುಷ್ಯ ದೇಹದ ರಚನೆಯ ಮೇಲಿನ ತನ್ನ ದೊಡ್ಡ ಗ್ರಂಥವನ್ನು ಬಾಸೆಲ್‌ನಲ್ಲಿ ಅಚ್ಚು ಹಾಕಿಸಿದ. ಕೆಳದವಡೆ ಎರಡು ಮೂಳೆ ಎಂದಿದ್ದ ಗೇಲನ್. ಒಂದೇ ಎಂದು ತೋರಿಸಿದ. ಇಂಥ ತಿದ್ದುಪಡಿ ನೂರಾರು. ಗೇಲನ್ ಮನುಷ್ಯರನ್ನು ಕೊಯ್ದೇ ಇರಲಿಲ್ಲ ಎಂದು ಬಹಿರಂಗವಾಗಿ ಬರೆದವನೂ ಇವನೇ.

ಆದರೆ ಕಣ್ಣಿನ ಅಧ್ಯಾಯಕ್ಕೆ ಬಂದರೆ ಅಲ್ಲಿ ಏಳನೆಯ ಸ್ನಾಯು ಹಾಗೇ ಇದೆ, ಚಿತ್ರಸಹಿತ. ಕಣ್ಣಿನ ಮಸೂರವನ್ನು ಕೂಡ ಹಳಬರಂತೆ ಅವನು ಗುಡ್ಡೆಯ ನಟ್ಟನಡುವೆ ಇಟ್ಟ. ಅದು ಇರುವುದು ಮುಂಭಾಗದಲ್ಲಿ. ಗೇಲನ್ನನನ್ನು ಇಷ್ಟು ಧೈರ್ಯದಿಂದ ಎದುರಿಸಿದವನು ಈ 30 ಎಂ.ಎಲ್. ಜಾಗದಲ್ಲಿ ಅವನನ್ನೇ ನಂಬಿದ. ಮನುಷ್ಯನ ಮುಖವನ್ನು ಕೆಡಿಸಿ ಗೂಡನ್ನು ತೆರೆಯುವುದು ನಿಧಾನದ, ತಾಳ್ಮೆಯ ಕೆಲಸ. ಎತ್ತಿನ ಕಣ್ಣು ಕಸಾಯಿಖಾನೆಯಲ್ಲಿ ಸಲೀಸಾಗಿ ಸಿಗುತ್ತಿತ್ತು.

ನಮ್ಮ ಕೆಲಸದಲ್ಲಿ ಇದು ದಿನನಿತ್ಯದ ಮಾತು. ಹಳೆಯ ಸಿಸ್ಟಮ್ಮಿನ ಡಾಕ್ಯುಮೆಂಟಿನಲ್ಲಿ ಒಂದು ಮಾಡ್ಯೂಲಿನ ವಿವರ ಇರುತ್ತದೆ. ಹೊಸ ಟೀಮು ಬಂದು ಉಳಿದದ್ದನ್ನೆಲ್ಲ ಮೈಮುರಿದು ಪರೀಕ್ಷಿಸುತ್ತದೆ; ಕೈ ಹಾಕಲು ಕಷ್ಟವಾದ ಆ ಮೂಲೆಯ ವಿವರವನ್ನು ಮಾತ್ರ ಹಳೆಯ ಡಾಕ್ಯುಮೆಂಟಿನಿಂದ ಹಾಗೇ ಎತ್ತಿ ಹಾಕುತ್ತದೆ. ಓದುವವರು ಉಳಿದ ಭಾಗದ ಶ್ರದ್ಧೆಯನ್ನು ನೋಡಿ ಈ ಭಾಗವನ್ನೂ ನಂಬುತ್ತಾರೆ.

ವೆಸೇಲಿಯಸ್‌ನನ್ನು ತಿದ್ದಿದವನು ಪದುವಾದಲ್ಲೇ ಮುಂದೆ ಅಂಗರಚನಾಶಾಸ್ತ್ರ ಕಲಿಸಿದ ಗೇಬ್ರಿಯೆಲೆ ಫಲೋಪಿಯೊ. ಗರ್ಭನಾಳಕ್ಕೆ ಇವನ ಹೆಸರಿರುವುದನ್ನು ಬಯಾಲಜಿ ಓದಿದವರು ಬಲ್ಲರು. 1561ರಲ್ಲಿ ವೆನಿಸ್‌ನಲ್ಲಿ ಅವನ ಸಣ್ಣ ಪುಸ್ತಕ ಬಂತು; ಚಿತ್ರಗಳಿಲ್ಲ, ತಾನು ನೋಡಿದ್ದರ ಟಿಪ್ಪಣಿಗಳು ಮಾತ್ರ. ಮನುಷ್ಯನ ಗೂಡಿನಲ್ಲಿ ಏಳನೆಯ ಸ್ನಾಯು ಇಲ್ಲ, ಅದು ಪ್ರಾಣಿಗಳದ್ದು ಎಂದು ಅದರಲ್ಲಿ ಬರೆದ. ಮೇಲಿನ ಓರೆ ಸ್ನಾಯು ಹಾಯುವ ರಾಟೆಯನ್ನೂ ವಿವರಿಸಿದ. ನನಗೆ ಇಷ್ಟವಾದದ್ದು ಅವನ ಧಾಟಿ. ವೆಸೇಲಿಯಸ್ ಬಗ್ಗೆ ಅಪಾರ ಗೌರವ ಇಟ್ಟುಕೊಂಡೇ ತಪ್ಪನ್ನು ತಪ್ಪು ಎನ್ನುತ್ತಾನೆ.

ಆ ಹೊತ್ತಿಗೆ ವೆಸೇಲಿಯಸ್ ಸ್ಪೇನಿನ ರಾಜ ಎರಡನೇ ಫಿಲಿಪ್‌ನ ಆಸ್ಥಾನದಲ್ಲಿದ್ದ. ಪುಸ್ತಕ ಕೈಗೆ ಬಂದ ಕೂಡಲೇ ದೀರ್ಘ ಉತ್ತರ ಬರೆದ. ಅದರಲ್ಲಿ ಒಂದು ಅಳಲಿದೆ: ಇಲ್ಲಿ ಮ್ಯಾಡ್ರಿಡ್‌ನಲ್ಲಿ ಪರೀಕ್ಷಿಸಿ ನೋಡೋಣವೆಂದರೆ ಒಂದು ತಲೆಬುರುಡೆ ಕೂಡ ಸಿಗುವುದಿಲ್ಲ. ಇಡೀ ಯೂರೋಪಿಗೆ ಕಣ್ಣಾರೆ ನೋಡಿ ಎಂದು ಕಲಿಸಿದವನು, ಈಗ ನೆನಪಿನ ಬಲದ ಮೇಲೆ ವಾದಿಸಬೇಕಾಯಿತು. ಉತ್ತರವನ್ನು ವೆನಿಸ್‌ನ ರಾಯಭಾರಿಯ ಕೈಯಲ್ಲಿ ಕಳಿಸಿದ. ಅದು ತಲುಪುವ ಮೊದಲೇ, 1562ರಲ್ಲಿ, ಫಲೋಪಿಯೊ ತೀರಿಕೊಂಡಿದ್ದ. 1564ರಲ್ಲಿ ಉತ್ತರ ಅಚ್ಚಾಯಿತು. ಅದೇ ವರ್ಷ ಜೆರುಸಲೇಮಿನ ಯಾತ್ರೆಯಿಂದ ಮರಳುವಾಗ ಗ್ರೀಸಿನ ದ್ವೀಪವೊಂದರಲ್ಲಿ ವೆಸೇಲಿಯಸ್ ಕೂಡ ತೀರಿಹೋದ.

ಸ್ನಾಯುಗಳ ಲೆಕ್ಕ ಮುಗಿದ ಮೇಲೆ ಉಳಿದದ್ದು ಅವು ಎಲ್ಲಿಂದ ಹೊರಡುತ್ತವೆ ಎನ್ನುವ ಪ್ರಶ್ನೆ. ಅದನ್ನು ಬಿಡಿಸಿದವನು ಜರ್ಮನಿಯ ಗ್ಯೋಟಿಂಗೆನ್‌ನ ಯೋಹಾನ್ ಗಾಟ್‌ಫ್ರೀಡ್ ಝಿನ್. 1755ರಲ್ಲಿ, 28ರ ಆಸುಪಾಸಿನಲ್ಲೇ, ಕಣ್ಣಿನ ಅಂಗರಚನೆಗೆಂದೇ ಒಂದು ಇಡೀ ಪುಸ್ತಕ ಬರೆದ. ಗೂಡಿನ ಹಿಂತುದಿಯಲ್ಲಿ ನಾಲ್ಕು ನೇರ ಸ್ನಾಯುಗಳು ಹೊರಡುವ ಉಂಗುರಕ್ಕೆ ಇವನದೇ ಹೆಸರು. ಕಣ್ಣಿನ ನರ ಅದರ ನಡುವೆ ಹಾಯುತ್ತದೆ. ಝಿನ್ 1759ರಲ್ಲಿ, 31 ವರ್ಷಕ್ಕೇ ತೀರಿಕೊಂಡ. ಅವನು ಸಸ್ಯಶಾಸ್ತ್ರಜ್ಞನೂ ಆಗಿದ್ದ. ಮೆಕ್ಸಿಕೋದ ಒಂದು ಹೂವಿಗೆ ಲಿನೇಯಸ್ ಅವನ ಹೆಸರಿಟ್ಟ. ನಮ್ಮ ಕಡೆ ಕ್ವಾರ್ಟರ್ಸುಗಳ ಅಂಗಳದಲ್ಲಿ ಮಳೆಗಾಲಕ್ಕೆ ಕೆಂಪು, ಹಳದಿ, ಗುಲಾಬಿಯಾಗಿ ಅರಳುವ ಜಿನಿಯಾ ಅದೇ.

ಇದೆಲ್ಲದರ ಬೆನ್ನು ಹತ್ತಲು ನನಗೊಂದು ಕಾರಣವಿತ್ತು. ಎರಡು ವರ್ಷದ ಹಿಂದೆ ಪುಣೆಯ ನಮ್ಮ ಸೊಸೈಟಿಯ ಮೈದಾನದಲ್ಲಿ ನನ್ನ ಅಕ್ಕನ ಮಗನಿಗೆ, ಅವನಿಗಾಗ ಹನ್ನೊಂದು, ಲೆದರ್ ಬಾಲ್ ಕಣ್ಣಿಗೆ ಬಡಿಯಿತು. ರಕ್ತವಿಲ್ಲ, ಊತವೂ ಹೆಚ್ಚಿಲ್ಲ, ಕಣ್ಣು ಬೆಳ್ಳಗೇ ಇತ್ತು. ಆದರೆ ಹುಡುಗ ಒಂದೇ ಸಮನೆ ವಾಂತಿ ಮಾಡಿಕೊಳ್ಳುತ್ತಿದ್ದ. ಮೊದಲು ಹೋದ ಕಡೆ ತಲೆಗೆ ಪೆಟ್ಟಾಗಿರಬಹುದೆಂದು ಮಲಗಿಸಿಕೊಂಡರು. ಮರುದಿನ ಇನ್ನೊಬ್ಬ ಡಾಕ್ಟರು ಬಂದು, "ತಲೆ ಎತ್ತದೆ ಮೇಲೆ ನೋಡು" ಎಂದರು. ಒಂದು ಕಣ್ಣು ಮೇಲೆ ಹೋಯಿತು, ಇನ್ನೊಂದು ಅಲ್ಲೇ ನಿಂತಿತು. ಸಿ.ಟಿ. ಸ್ಕ್ಯಾನಿನಲ್ಲಿ ಗೂಡಿನ ನೆಲ ಬಿರುಕು ಬಿಟ್ಟು, ಕೆಳಗಿನ ಸ್ನಾಯು ಅದರಲ್ಲಿ ಸಿಕ್ಕಿಕೊಂಡಿದ್ದು ಕಂಡಿತು. ಅದೇ ದಿನ ಆಪರೇಷನ್ ಆಯಿತು. ಈಗ ಹುಡುಗ ಚೆನ್ನಾಗಿದ್ದಾನೆ, ಹೆಲ್ಮೆಟ್ ಹಾಕಿಕೊಂಡೇ ಆಡುತ್ತಾನೆ.

ಅಂಚು ಸರಿಯಿದ್ದು ನೆಲ ಮಾತ್ರ ಒಡೆಯುವುದು ಹೇಗೆ? 1889ರಲ್ಲಿ ಲಂಡನ್ನಿನ ವಿಲಿಯಂ ಲ್ಯಾಂಗ್, ಪೆಟ್ಟಾದ ಮೇಲೆ ಕಣ್ಣು ಒಳಕ್ಕೆ ಹೋಗುವುದಕ್ಕೆ ಗೂಡಿನ ಗೋಡೆ ಮುರಿದಿರುವುದೇ ಕಾರಣವಿರಬೇಕು ಎಂದಿದ್ದ. 1957ರಲ್ಲಿ ನ್ಯೂಯಾರ್ಕಿನ ಬೈರನ್ ಸ್ಮಿತ್ ಮತ್ತು ವಿಲಿಯಂ ರೀಗನ್ ಅದನ್ನು ಪರೀಕ್ಷೆಗೆ ಒಡ್ಡಿದರು. ಶವದ ಮುಚ್ಚಿದ ರೆಪ್ಪೆಯ ಮೇಲೆ ಹರ್ಲಿಂಗ್ ಎಂಬ ಐರಿಷ್ ಆಟದ ಚೆಂಡನ್ನಿಟ್ಟು ಸುತ್ತಿಗೆಯಿಂದ ಹೊಡೆದರು. ಅಂಚಿಗೆ ಏನೂ ಆಗಲಿಲ್ಲ, ನೆಲ ಒಡೆಯಿತು. ಕಣ್ಣು ಹಿಂದಕ್ಕೆ ಒತ್ತಿದಾಗ ಒಳಗಿನ ಒತ್ತಡ ಏರಿ ತೆಳುವಾದ ಗೋಡೆಯನ್ನು ಹೊರಕ್ಕೆ ತಳ್ಳುತ್ತದೆ ಎಂದು ವಿವರಿಸಿದರು. ಅಂಚಿನ ಮೂಳೆಗೆ ಬಿದ್ದ ಪೆಟ್ಟು ನೆಲಕ್ಕೆ ಹರಿದು ಅದು ಬಾಗಿ ಬಿರಿಯುತ್ತದೆ ಎನ್ನುವ ಇನ್ನೊಂದು ವಿವರಣೆಯೂ ಇದೆ. ಎರಡೂ ನಡೆಯುತ್ತವೆ ಎಂದು ಈಗ ಒಪ್ಪುತ್ತಾರೆ.

ಕಾಗದದ ಗೋಡೆ ಒಂದು ದೋಷ ಎಂದೇ ಮೊದಲು ಅನ್ನಿಸುತ್ತದೆ. ಆದರೆ ಮನೆಯ ಮೀಟರ್ ಬೋರ್ಡಿನ ಫ್ಯೂಸ್ ನೆನಪಿಸಿಕೊಳ್ಳಿ. ಅದು ಸುಟ್ಟರೆ ಫ್ರಿಜ್ ಉಳಿಯುತ್ತದೆ. ಗೋಡೆ ಒಡೆದು ಜಾಗ ಬಿಟ್ಟುಕೊಟ್ಟರೆ ಕಣ್ಣುಗುಡ್ಡೆ ಒಡೆಯದೆ ಉಳಿಯುವ ಸಾಧ್ಯತೆ ಹೆಚ್ಚು. ಇದನ್ನು ಯಾರೂ ಕುಳಿತು ಡಿಸೈನ್ ಮಾಡಲಿಲ್ಲ, ನಮ್ಮ ಪಾಲಿಗೆ ಹಾಗೆ ಒದಗಿ ಬಂದಿದೆ. ಮಕ್ಕಳಲ್ಲಿ ಮೂಳೆ ಎಳೆಯದು; ಒಡೆದ ತುಂಡು ಬಾಗಿಲಿನಂತೆ ತೆರೆದು ಮತ್ತೆ ಮುಚ್ಚಿಕೊಂಡು ಸ್ನಾಯುವನ್ನು ಹಿಡಿದುಬಿಡುತ್ತದೆ. ಸ್ನಾಯು ಎಳೆದಾಗ ವಾಂತಿ ಬರುತ್ತದೆ, ನಾಡಿ ನಿಧಾನವಾಗುತ್ತದೆ. ಕಣ್ಣಿಗೂ ಹೃದಯಕ್ಕೂ ಇರುವ ಈ ನಂಟನ್ನು ಆಶ್ನರ್ ಮತ್ತು ಡಾಗ್ನಿನಿ 1908ರಲ್ಲಿ ಬೇರೆಬೇರೆಯಾಗಿ ಗುರುತಿಸಿದ್ದರು. ಮಕ್ಕಳಿರುವವರು ಇಷ್ಟು ನೆನಪಿಡಿ: ಕಣ್ಣಿಗೆ ಪೆಟ್ಟು, ಬೆಳ್ಳಗಿನ ಕಣ್ಣು, ವಾಂತಿ, ಮೇಲೆ ನೋಡಲಾಗದಿರುವುದು. ಇವು ಒಟ್ಟಿಗೆ ಬಂದರೆ ಕಾಯುವಂತಿಲ್ಲ.

ಓದುತ್ತಾ ಹೋದಂತೆ ಇನ್ನೊಂದು ಪ್ರಶ್ನೆ ಬಿಡಲಿಲ್ಲ. ಫಲೋಪಿಯೊ ತೆರೆದು ನೋಡಿದ ಗೂಡು ಯಾರದು? ಸುತ್ತಿಗೆಯ ಕೆಳಗಿದ್ದ ಮುಖ ಯಾರದು? ಪದುವಾದಲ್ಲಿ ಹೆಚ್ಚಾಗಿ ಗಲ್ಲಿಗೇರಿದವರ ದೇಹಗಳು. ಬ್ರಿಟನ್ನಿನಲ್ಲಿ ಗೋರಿಯಿಂದ ಕದ್ದವು. 1828ರಲ್ಲಿ ಎಡಿನ್‌ಬರ್ಗ್‌ನಲ್ಲಿ ಬರ್ಕ್ ಮತ್ತು ಹೇರ್ ಎಂಬಿಬ್ಬರು ಹೆಣ ಮಾರುವುದಕ್ಕೆಂದೇ ಕೊಲೆಗಳನ್ನು ಮಾಡಿ ಸಿಕ್ಕಿಬಿದ್ದ ಮೇಲೆ 1832ರ ಕಾಯ್ದೆ ಬಂತು. ಯಾರೂ ಕೇಳಿಕೊಂಡು ಬಾರದ ಬಡವರ ಶವಗಳನ್ನು ಅದು ವೈದ್ಯಶಾಲೆಗೆ ಕೊಟ್ಟಿತು. ಮುಂದೆ ಪಾಶ್ಚಾತ್ಯ ವಿದ್ಯಾರ್ಥಿಗಳು ಕೈಯಲ್ಲಿ ಹಿಡಿದು ಈ ಏಳು ಮೂಳೆಗಳನ್ನು ಕಲಿತ ಬುರುಡೆಗಳಲ್ಲಿ ಬಹಳಷ್ಟು ಕೋಲ್ಕತ್ತಾದ ವ್ಯಾಪಾರಿಗಳಿಂದ ಹೋದವು. ಭಾರತ ಸರ್ಕಾರ ಆ ರಫ್ತನ್ನು ನಿಷೇಧಿಸಿದ್ದು 1985ರಲ್ಲಿ.

ನಮ್ಮ ಕಾಯ್ದೆಗಳೂ ಅದೇ ಮಾದರಿಯವು. ಮುಂಬಯಿ ಪ್ರಾಂತ್ಯದ್ದು 1949ರದು, ಆಗಿನ ಮೈಸೂರು ರಾಜ್ಯದ್ದು 1957ರದು. ವಾರಸುದಾರರಿಲ್ಲದ ಶವ ಕಾಲೇಜಿಗೆ ಹೋಗಬಹುದು ಎನ್ನುತ್ತವೆ. ಮಹಾನಗರದಲ್ಲಿ ವಾರಸುದಾರರಿಲ್ಲದೆ ಸಾಯುವವರು ಯಾರು? ಬಹುಮಟ್ಟಿಗೆ ಬೇರೆಲ್ಲಿಂದಲೋ ದುಡಿಯಲು ಬಂದವರು. ನಮಗೂ ಅವರಿಗೂ ಇರುವ ವ್ಯತ್ಯಾಸ ಆಧಾರ್ ಕಾರ್ಡಿನ ವಿಳಾಸ ಮತ್ತು ಫೋನಿನಲ್ಲಿರುವ ನಾಲ್ಕು ನಂಬರುಗಳು. ಅಕ್ಕನ ಮಗನ ಕಣ್ಣಿನ ನೆಲವನ್ನು ಸರಿಪಡಿಸಿದ ಸರ್ಜನ್ ಆ ದಾರಿಯನ್ನು ಮೊದಲು ಕಲಿತದ್ದು ಅಂಥ ಯಾರದೋ ಮುಖದಲ್ಲೇ ಇರಬೇಕು.

ಕೊಡುವುದಕ್ಕೆ ಇನ್ನೊಂದು ದಾರಿಯೂ ಇದೆ. 2010ರಲ್ಲಿ ಬೆಳಗಾವಿಯಲ್ಲಿ ಅಂಗರಚನಾಶಾಸ್ತ್ರದ ಅಧ್ಯಾಪಕ ಡಾ. ಮಹಾಂತೇಶ ರಾಮಣ್ಣವರ ತಮ್ಮ ತಂದೆಯ ದೇಹವನ್ನು ವಿದ್ಯಾರ್ಥಿಗಳ ಮುಂದೆ ತಾವೇ ವಿಚ್ಛೇದನ ಮಾಡಿ ಪಾಠ ಹೇಳಿದರು. ತಂದೆಯೂ ವೈದ್ಯರು, ಅದು ಅವರದೇ ಇಚ್ಛೆಯಾಗಿತ್ತು. ಗೇಲನ್ನನ ಕಾಲದಿಂದ ಈ ವಿದ್ಯೆಗೆ ಕೊರತೆಯಾಗಿದ್ದದ್ದು ಇಂಥ ದೇಹ, ಹೆಸರು ಹೇಳಿ ಒಪ್ಪಿಗೆಯಿಂದ ಬಂದದ್ದು.

ದೇಹದಾನದ ಫಾರಂ ಒಂದೇ ಪುಟದ್ದು. ಆದರೆ ಸತ್ತ ಮೇಲೆ ಅದನ್ನು ನಡೆಸಿಕೊಡಬೇಕಾದವರು ಮನೆಯವರು, ಅದೂ ಕೆಲವೇ ಗಂಟೆಗಳಲ್ಲಿ. ಊರಿನಿಂದ ಆರುನೂರು ಕಿಲೋಮೀಟರ್ ದೂರ ಇರುವ ನಮ್ಮಂಥವರು ಸಹಿ ಹಾಕಿ ಸುಮ್ಮನಾದರೆ ಆಗದು. ಹೆಂಡತಿಗೂ ಅಕ್ಕನಿಗೂ ಹೇಳಿಟ್ಟಿದ್ದೇನೆ. ಅಕ್ಕ ಒಪ್ಪಿಲ್ಲ, ಇನ್ನೂ ಮಾತು ನಡೆದಿದೆ.